ಕೇರೆಯ ಮೊಟ್ಟೆಗೆ ಬೇಕಾದಷ್ಟೇ ಪಸೆ

ದಿನಕ್ಕೊಮ್ಮೆ ಮಡಕೆಯೊಳಗೆ ಕೈಯಿಟ್ಟು ಪಸೆ ಆರಿದೆಯೋ ಎಂದು ನೋಡುವ ಕೆಲಸವನ್ನು ನನ್ನ ತಮ್ಮ ನನಗೆ ಒಪ್ಪಿಸಿ ಹೋಗಿದ್ದ, ನಾನು ನೋಡಲಿಲ್ಲ. ಇಷ್ಟನ್ನು ಬರೆಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು ನಾನು. ಮಾತು ಎಲ್ಲಾದರೂ ತೊಡರಿದರೆ ನೀವು ಮನ್ನಿಸಬೇಕು.

ಮಡಕೆಯಲ್ಲಿದ್ದದ್ದು ಕೇರೆ ಹಾವಿನ ಮೊಟ್ಟೆಗಳು. ತೊಂಬತ್ತರ ದಶಕದ ಒಂದು ಬೇಸಿಗೆ ಅದು. ತಮ್ಮ ಲೋಕು ಗುರುವಾಯನಕೆರೆಯ ಮರದ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದ. ಮಿಲ್ಲಿನ ಹಿಂದೆ ರಾಶಿ ಬಿದ್ದು ಹಳತಾಗಿದ್ದ ಮರದ ಹುಡಿಯನ್ನು ಹೊಟೇಲಿನ ಒಲೆಗೆಂದು ಗೋಣಿಗೆ ತುಂಬುವಾಗ ಅಡಿಯಲ್ಲಿ ಅವು ಸಿಕ್ಕಿದವಂತೆ. ಬೆಂಕಿಗೆ ಹೋಗಬೇಕಾದವನ್ನು ಇವನು ಅದೇ ಹುಡಿಯ ಸಮೇತ ಬುಟ್ಟಿಯಲ್ಲಿ ಮನೆಗೆ ತಂದ. ಅಮ್ಮ ಅಂಗಳದಲ್ಲೇ ತಡೆದಳು.

"ಕೋಳಿಮೊಟ್ಟೆ ತಾ ಅಂದರೆ ಮರೆತು ಬರುತ್ತಿ. ಹಾವಿನದ್ದು ಮಾತ್ರ ನೆನಪಾಗುತ್ತದೆ ಅಲ್ಲವಾ ನಿನಗೆ?"

"ಇದು ಕೇರೆ ಅಮ್ಮ, ಪಾಪದ್ದು. ನಿನ್ನ ಅಕ್ಕಿಯ ಇಲಿಗೆ ಸಂಬಳವಿಲ್ಲದ ಕಾವಲು ಆಯಿತಲ್ಲ" ಎಂದು ಅವನು ನಕ್ಕ. ಅಮ್ಮನೂ ಬಗ್ಗಿದಳು. ಮೊಟ್ಟೆಗಳು ಹುಡಿಯ ಸಮೇತ ಒಂದು ಮಡಕೆಗೆ ಇಳಿದವು, ಮಡಕೆ ಹಿಂದಿನ ಜಗಲಿಯ ಮೂಲೆ ಸೇರಿತು.

ಕೋಳಿಯ ಮೊಟ್ಟೆಯಂತೆ ಗಟ್ಟಿ ಚಿಪ್ಪು ಇವಕ್ಕಿಲ್ಲ. ಮುಟ್ಟಿದರೆ ಮೆತ್ತಗಿನ ಚರ್ಮ. ಆ ಚರ್ಮದ ಮೂಲಕವೇ ಸುತ್ತಲ ಪಸೆಯನ್ನು ಗುಟುಕು ಗುಟುಕಾಗಿ ಹೀರಿ ಬೆಳೆಯುತ್ತವೆ, ಅದರ ಮೂಲಕವೇ ಉಸಿರಾಡುತ್ತವೆ. ಒಣಗಿದರೆ ಗುಳಿ ಬೀಳುತ್ತವೆ. ನೀರು ಹೆಚ್ಚಾದರೆ ಮರಿ ಒಳಗೇ ಉಸಿರುಕಟ್ಟಿ ಸಾಯುತ್ತದೆ. ಲೋಕು ಒಂದು ಹಿಡಿ ಹುಡಿಯನ್ನು ಹಿಂಡಿ ತೋರಿಸಿದ್ದ: ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಕಾಣಬಾರದು. ಪಸೆ ಆರಿದರೆ ಮಡಕೆಯ ಅಂಚಿಗೆ ನಾಲ್ಕು ಹನಿ, ಮೊಟ್ಟೆಯ ಮೇಲೆ ಒಂದೂ ಬೀಳಬಾರದು. ಮಗ್ಗುಲು ತಿರುಗಬಾರದೆಂದು ಪ್ರತಿಯೊಂದರ ನೆತ್ತಿಗೂ ಮಸಿಯ ಬೊಟ್ಟು ಇಟ್ಟಿದ್ದ. ಅದರ ಹಿಂದಿನ ವರ್ಷ ಓತಿಕ್ಯಾತದ ಮೊಟ್ಟೆಗಳನ್ನು ಒಣಗಿಸಿ ಕೊಂದದ್ದು ಅವನ ಮನಸ್ಸಿನಲ್ಲಿ ಉಳಿದಿತ್ತು. "ಈ ಸಲ ಒಂದಾದರೂ ಹೊರಗೆ ಬರುವುದನ್ನು ನೋಡಬೇಕು ಅಕ್ಕ" ಎನ್ನುತ್ತಿದ್ದ.

ಅಷ್ಟರಲ್ಲಿ ಧಣಿಗಳು ಅವನನ್ನು ಮೂಡಬಿದಿರೆಯ ಇನ್ನೊಂದು ಮಿಲ್ಲಿನ ಕೆಲಸಕ್ಕೆ ಕೆಲವು ದಿನ ಕಳಿಸಿದರು. ನನಗೆ ಆ ವಾರ ಬೀಡಿಯ ಬಾಕಿ ಬೆಳೆದಿತ್ತು, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಬೈಗುಳ ಕೇಳುವ ಹೆದರಿಕೆಯಿತ್ತು. ಮಡಕೆ ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ನೆನಪಾದಾಗಲೆಲ್ಲ, ಈ ಕಟ್ಟು ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಮಡಕೆಯ ಬಾಯಿಗೆ ಮುಚ್ಚಿದ್ದ ಬಟ್ಟೆ ಸರಿಸಿ ನೋಡಿದರೆ ಹುಡಿ ಬೂದಿಯಂತೆ ಒಣಗಿದೆ, ಮೊಟ್ಟೆಗಳೆಲ್ಲ ಹೊಟ್ಟೆ ಒಳಸೇರಿ ಗುಳಿಬಿದ್ದಿವೆ.

ಒಣಗಿದ ವಸ್ತುವನ್ನು ಹದಕ್ಕೆ ತರಲು ನನಗೆ ತಿಳಿದಿದ್ದ ವಿದ್ಯೆ ಒಂದೇ. ಬೀಡಿಯ ಎಲೆ ಒಣಗಿದರೆ ಸುತ್ತುವಾಗ ಒಡೆಯುತ್ತದೆ. ಅದಕ್ಕೆ ಧಾರಾಳ ನೀರು ಚಿಮುಕಿಸಿ, ಒದ್ದೆ ಗೋಣಿಯಲ್ಲಿ ಬಿಗಿದಿಟ್ಟರೆ ಬೆಳಗಾಗುವಷ್ಟರಲ್ಲಿ ರೇಷ್ಮೆಯಂತೆ ಬಾಗುತ್ತದೆ. ನಾನು ಮೊಟ್ಟೆಗಳಿಗೂ ಅದನ್ನೇ ಮಾಡಿದೆ. ಮೇಲಿನಿಂದಲೇ ನೀರು ಹೊಯ್ದೆ, ಒದ್ದೆ ಗೋಣಿ ಸುತ್ತಿ ಬಾಯಿ ಕಟ್ಟಿದೆ. ಮರುದಿನ ಗುಳಿಗಳು ತುಂಬಿಕೊಂಡದ್ದು ಕಂಡು ಗೆದ್ದೆನೆಂದುಕೊಂಡು ಇನ್ನಷ್ಟು ನೀರು ಕೊಟ್ಟೆ. ದಿನಗಟ್ಟಲೆ ತಿರುಗಿ ನೋಡದೆ, ಭಯ ಹುಟ್ಟಿದ ಮೇಲೆ ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯುವುದು: ಮನುಷ್ಯರಿಗೂ ನಾನು ಹೀಗೇ ಮಾಡುತ್ತ ಬಂದವಳು ಎಂಬುದು ಈಚೆಗೆ ತಿಳಿಯುತ್ತಿದೆ. ನೀರು ಅದೇ ನೀರು, ಬರಬೇಕಾದ ಹೊತ್ತು ಮಾತ್ರ ಕಳೆದಿರುತ್ತದೆ.

ಮೊಟ್ಟೆಗಳ ಮೇಲೆ ಬೂಷ್ಟು ಬಂತು. ಲೋಕು ಬರುವ ಮುಂಚೆ ನಾನು ಗೋಣಿ ಬಿಚ್ಚಿ ಒಗೆದು ಹಾಕಿದೆ, ಬೂಷ್ಟನ್ನು ಬಟ್ಟೆಯಿಂದ ಒರೆಸಿದೆ, ಹುಡಿಯನ್ನು ಬಿಸಿಲಿಗೆ ಹರಡಿ, ಮುಷ್ಟಿಯಲ್ಲಿ ಹಿಂಡಿ ಹಿಂಡಿ ನೋಡಿ, ಅವನು ಹೇಳಿದ ಹದಕ್ಕೇ ತಂದು ತುಂಬಿಸಿದೆ. ಸರಿಯಾದ ಪಸೆ ನನ್ನ ಕೈಗೆ ಬಂದದ್ದು ಆ ಒಂದು ಸಲ, ತಪ್ಪು ಮುಚ್ಚುವಾಗ.

ಬಂದವನು ವಾಸನೆ ಹಿಡಿದು ಒಂದು ಮೊಟ್ಟೆ ಸೀಳಿದ. ಒಳಗೆ ಮರಿ ಸುರುಳಿಯಾಗಿತ್ತು. ಕಣ್ಣು, ಮೈಯ ಪಟ್ಟೆ ಎಲ್ಲ ಮೂಡಿತ್ತು.

"ಮರಿ ಆಗಿತ್ತು ಅಕ್ಕ" ಎಂದ. ಹುಡಿಯನ್ನು ಹಿಂಡಿ ನೋಡಿದ, ಉಂಡೆ ನಿಂತಿತು. "ಪಸೆ ಸರಿಯೇ ಉಂಟು. ಮತ್ತೆ ಯಾಕೆ?"

"ನನಗೇನು ಗೊತ್ತು ಮಾರಾಯ. ನೀನು ಹೇಳಿದ ಹಾಗೇ ಮಾಡಿದ್ದೇನೆ. ನಿನ್ನ ಕೈಗುಣ ಸರಿಯಿಲ್ಲದಿದ್ದರೆ ನಾನೇನು ಮಾಡುವುದು?"

ಹೇಳಿದ್ದು ಅಷ್ಟೇ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಅಕ್ಕ ಹೇಳಿದ್ದೆಂದು ನಂಬಿದ.

ಆಮೇಲೆ ಅವನು ಕೋಳಿಯನ್ನು ಕಾವಿಗೆ ಕೂರಿಸಲಿಲ್ಲ. ಬಸಳೆಯ ಬಳ್ಳಿ ನೆಡು ಎಂದರೆ, "ನೀನೇ ನೆಡು ಅಕ್ಕ, ನನ್ನದು ಹಿಡಿಯುವುದಿಲ್ಲ" ಎನ್ನುತ್ತಿದ್ದ. ತಮಾಷೆಯೆಂದು ಮನೆಯವರು ನಗುತ್ತಿದ್ದರು, ಅವರೊಂದಿಗೆ ನಾನೂ ನಗುತ್ತಿದ್ದೆ.

ಮುಂದೆ ಅವನಿಗೆ ಮದುವೆಯಾಯಿತು. ಹೆಂಡತಿಗೆ ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಬಂಟ್ವಾಳದ ಅವಳ ತವರಿಗೆ ಅವನು ಆಗಲೇ ಒಂದೆರಡು ಸಲ ಹೋಗಿ ಬಂದಿದ್ದ, ಈ ಸಲ ನಾನೂ ಅವನೊಂದಿಗೆ ಬಸ್ಸಿನಲ್ಲಿ ಹೋದೆ. ಅವನ ಅತ್ತೆ, ಬಟ್ಟೆಯಲ್ಲಿ ಸುತ್ತಿದ ಅಷ್ಟು ಸಣ್ಣ ಜೀವವನ್ನು ಅವನ ಕಡೆ ಚಾಚಿದರು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಕ್ಕನ ಹತ್ತಿರ ಕೊಡಿ ಅತ್ತೆ" ಎಂದು ನಗುತ್ತ ನನ್ನ ಕಡೆ ತಿರುಗಿದ. "ನನ್ನ ಕೈಗುಣ ನಿನಗೆ ಗೊತ್ತುಂಟಲ್ಲ."

ಚಾಪೆಯ ಮೇಲಿದ್ದ ಅವನ ಹೆಂಡತಿ ಮುಖ ತಿರುಗಿಸಿದಳು. ಮಗು ಹುಟ್ಟಿದಂದಿನಿಂದ ಅವನು ಅದನ್ನು ಮುಟ್ಟಿಲ್ಲವೆಂದು ನನಗೆ ಆಗ ಅರ್ಥವಾಯಿತು. ಅತ್ತೆಯ ಕೈ ಇನ್ನೂ ಚಾಚಿಯೇ ಇತ್ತು. ನಾನು ಮಗುವನ್ನು ತೆಗೆದುಕೊಳ್ಳಲಿಲ್ಲ. ಅಷ್ಟು ಜನರ ಎದುರಿಗೇ ಹೇಳಿದೆ:

"ಮೊಟ್ಟೆಗಳನ್ನು ಕೊಂದದ್ದು ನಾನು ಲೋಕು. ಒಣಗಲು ಬಿಟ್ಟು, ಮತ್ತೆ ನೀರಲ್ಲಿ ಮುಳುಗಿಸಿದೆ, ನೀನು ಬರುವಾಗ ಮುಚ್ಚಿಟ್ಟೆ. ನಿನ್ನ ಕೈಯಲ್ಲಿ ಏನೂ ದೋಷವಿಲ್ಲ. ನನ್ನಿಂದ ತಪ್ಪಾಯಿತು ಮಗಾ, ಕ್ಷಮಿಸು."