ತ್ಯಾಂಪಣ್ಣನವರ ಕೊರ್ಲಯಿ
ಸಾನಪಾಡಾದ ಹೊಟೇಲು ಮಾಲೀಕರಾದ ತ್ಯಾಂಪಣ್ಣನವರ ಪರಿಚಯವಾಯಿತೆಂದರೆ ಮುಂದಿನ ಭಾನುವಾರ ನಿಮ್ಮದಲ್ಲ. ಇಡ್ಲಿ ಕಟ್ಟಿಸಿ, ನಿಮ್ಮನ್ನು ಕಾರಿಗೆ ತುಂಬಿ, ಹಳೆಯ ಪೋರ್ಚುಗೀಸ್ ಊರಾದ ಕೊರ್ಲಯಿಗೆ ಹೊರಟೇಬಿಡುತ್ತಾರೆ. "ಪೋರ್ಚುಗೀಸರು ಬಿಟ್ಟುಹೋಗಿ ಇನ್ನೂರೆಂಬತ್ತು ವರ್ಷ ಆಯ್ತು ಮಾರಾಯ್ರೆ, ಊರೂ ಖಾಲಿಯಾಗ್ಲಿಲ್ಲ, ಭಾಷೆಯೂ ಹೋಗ್ಲಿಲ್ಲ" ಎಂದು ಪನ್ವೇಲ್ ದಾಟುವಷ್ಟರಲ್ಲಿ ನಾಲ್ಕು ಸಲ ಹೇಳುತ್ತಾರೆ. ಅಲ್ಲಿನ ಗುಡ್ಡದ ಮೇಲಿನ ಹಳೆಯ ಕೋಟೆ ಹತ್ತುವವರು ನಾವು. ಅವರು ಕೆಳಗೇ ಒಬ್ಬ ಅಜ್ಜಿಯ ಜಗಲಿಯಲ್ಲಿ ಕೂತು, ಆಕೆ ಮೊಮ್ಮಗಳನ್ನು ಪೋರ್ಚುಗೀಸಿನಂಥ ಆ ಭಾಷೆಯಲ್ಲಿ ಬೈಯುವುದನ್ನೂ ಹುಡುಗಿ ಅದರಲ್ಲೇ ಎದುರುತ್ತರ ಕೊಡುವುದನ್ನೂ ಕಣ್ಣರಳಿಸಿ ಕೇಳುತ್ತಾರೆ. ತಾವಾಡುವ ತುಳುವಿಗೆ ಯಾವಾಗಲೂ ಹಿಂದಿಯಲ್ಲೇ ಉತ್ತರಿಸುವ ತಮ್ಮ ಮೊಮ್ಮಗಳು ಮಾನಸಿಯನ್ನು ಮೊನ್ನೆ ಕರೆತಂದಿದ್ದರು. ಮರಳುವಾಗ ಅವಳು, "ಅಜ್ಜಾ, ತುಳು ಮೇ ಘರ್ ಕೋ ಕ್ಯಾ ಬೋಲ್ತೇ?" ಎಂದು, ಮನೆಗೆ ತುಳುವಿನಲ್ಲಿ ಏನನ್ನುತ್ತಾರೆಂದು ಕೇಳಿದಳು. ತ್ಯಾಂಪಣ್ಣನವರು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ "ಇಲ್ಲ್" ಎಂದರು. ಅವಳ ಬಾಯಲ್ಲಿ ಅದು ಸರಿಯಾಗಿ ಬರುವವರೆಗೆ ಕಾರು ಹೊರಡಲಿಲ್ಲ.