ಜಡೆಪ್ಪನ ದುಂಡಕ್ಷರ

ಸಿರುಗುಪ್ಪದ ಬಸ್ ನಿಲ್ದಾಣಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ನಿಂತ ಬಸ್ಸಿಗೆ ಏಣಿ ಆನಿಸಿ, ಹಣೆಯ ತಗಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಜಡೆಪ್ಪ ‘ಸಿರಿಗೇರಿ’ ಎಂದು ಬರೆಯುತ್ತಿದ್ದಾರೆ. ಒಂದೊಂದು ಅಕ್ಷರವೂ ಗೇಣೆತ್ತರ. ಗೆರೆ ಎಲ್ಲಿ ಅಳೆದರೂ ಎರಡು ಬೆರಳು ದಪ್ಪ. ಮೂಲೆಯಿಲ್ಲ, ಮೊನೆಯಿಲ್ಲ, ತುದಿಗಳೆಲ್ಲ ದುಂಡಗೆ. ಊರವರು ಬೋಂಡಾ ಅಕ್ಷರ ಎಂದು ನಗಾಡುತ್ತಾರೆ.

“ಬಿಸಿಲೇರಿದ್ರ ಬಣ್ಣ ಇಳೀತೈತ್ರಿ. ದಪ್ಪ ಅಕ್ಷರಕ್ಕ ಒಳಗಿನ ಹೊಟ್ಟಿ ಸಣ್ಣದು. ಅದು ಮುಚ್ಚಿದ್ರ ಬರೇ ಮುದ್ದಿ” ಎನ್ನುತ್ತಾರೆ ಜಡೆಪ್ಪ. ಅದಕ್ಕೇ ಈ ನಸುಕಿನ ಕೆಲಸ.

ಐವತ್ತಾರರ ಜಡೆಪ್ಪ ಕೊಳಗಲ್ಲಿನಿಂದ ಅಕ್ಕಿ ಗಿರಣಿಗಳಿಗೆ ಸುಣ್ಣ ಬಳಿಯಲು ಬಂದವರು. ಕಾಲುವೆಯ ಆಚೆ ದಂಡೆಗೂ ಗಿರಣಿಯ ಹೆಸರು ಕಾಣಬೇಕೆಂದು ಮಾಲೀಕರು ಹಟ ಹಿಡಿದಾಗ ಈ ಅಕ್ಷರ ಅವರ ಕೈಗೆ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ಗಿರಣಿ, ಲೆಕ್ಕವಿಲ್ಲದಷ್ಟು ಬಸ್ಸು. ಈಗ ದಿನಕ್ಕೆ ಎರಡೇ ಬೋರ್ಡು. ಕಣ್ಣಿಗೆ ಪೊರೆ ಬಂದಿದೆ.

“ತೆಳ್ಳನ ಅಕ್ಷರ ಓದೋರಿಗ್ರಿ. ಇದು ಓದಾಕ ಬರಲಾರದೋರಿಗೆ.”

ಹಾಗೆ ಓದು ಬಾರದವರಲ್ಲಿ ಅವರ ಅಕ್ಕ ಪಕ್ಕೀರಮ್ಮನೂ ಒಬ್ಬರು. ಕಿವಿಯೂ ಮಂದ, ಕಂಡಕ್ಟರ್ ಕೂಗಿದ್ದು ಕೇಳುವುದಿಲ್ಲ. ಆದರೂ ಸಿರಿಗೇರಿಗೆ ಮದುವೆ ಮಾಡಿ ಕೊಟ್ಟ ಮಗಳು ಉಚ್ಚೆಂಗೆಮ್ಮನ ಮನೆಗೆ ಒಬ್ಬರೇ ಹೋಗಿಬರುತ್ತಿದ್ದರು. ದುಂಡಗಿನ ಆ ನಾಲ್ಕು ಅಕ್ಷರಗಳ ಆಕಾರವೇ ಗುರುತು. ಯಾರನ್ನಾದರೂ ಕೇಳು ಎಂದರೆ, “ನನ್ನ ತಮ್ಮ ಬರ್ದದ್ದು ನಾ ಇನ್ನೊಬ್ಬರ್ನ ಕೇಳ್ಬೇಕೇನು?” ಎನ್ನುತ್ತಿದ್ದರಂತೆ.

ಹೋದ ಚಳಿಗಾಲದಲ್ಲಿ ಬಸ್ಸಿನ ಮಾಲೀಕರಿಗೆ ಬಳ್ಳಾರಿಯ ಹೊಸ ಬೋರ್ಡುಗಳ ಹುಚ್ಚು ಹಿಡಿಯಿತು. ತೆಳ್ಳಗೆ, ಓರೆಯಾಗಿ, ಚೂಪಾಗಿ ಬರೆಯಿರಿ ಎಂದರು. ಕಾಲಕ್ಕೆ ತಕ್ಕ ಕೋಲ ಎಂದುಕೊಂಡು ಜಡೆಪ್ಪ ಬರೆದರು. ಮನೆಯಲ್ಲಿ ಅಕ್ಕನಿಗೆ ಹೇಳುವುದು ಮರೆತರು.

ಮೂರನೆಯ ದಿನ, ಉಚ್ಚೆಂಗೆಮ್ಮನಿಗೆ ಜ್ವರ ಏರಿದೆ, ಬೇಗ ಬರಬೇಕು ಎಂದು ಸುದ್ದಿ ಬಂತು. ಜಡೆಪ್ಪ ಅಂದು ಕುರುಗೋಡಿನಲ್ಲಿ ಗೋಡೆ ಬರೆಯುತ್ತಿದ್ದರು. ಪಕ್ಕೀರಮ್ಮ ಒಬ್ಬರೇ ನಿಲ್ದಾಣಕ್ಕೆ ಓಡಿದರು. ಸಿರಿಗೇರಿ ಬಸ್ಸು ಎದುರಿಗೇ ನಿಂತಿತ್ತು, ಎದುರಿನಿಂದಲೇ ಹೊರಟೂ ಹೋಯಿತು. ತಮ್ಮನ ಅಕ್ಷರಕ್ಕಾಗಿ ಅವರು ಕಾಯುತ್ತಲೇ ಕುಳಿತರು. ಗುರುತಿನವರೊಬ್ಬರು ಕಂಡು ಮಧ್ಯಾಹ್ನದ ಬಸ್ಸು ಹತ್ತಿಸಿದರು. ಹೋಗುವಷ್ಟರಲ್ಲಿ ಮಗಳ ಉಸಿರು ನಿಂತಿತ್ತು.

“ಅಕ್ಕ ಈಗೂ ನನಗ ಬುತ್ತಿ ತರ್ತಾಳ್ರಿ. ಬೈದಿದ್ರ ಚಲೋ ಇತ್ತು.”

ಅದಾದ ಮೇಲೆ ಮಾಲೀಕರಿಗೆ ಹೇಳದೆಯೇ ಜಡೆಪ್ಪ ಆ ಬೋರ್ಡನ್ನು ಉಜ್ಜಿ ಮತ್ತೆ ದುಂಡಗೆ ಬರೆದರು. ಓರೆ ಅಕ್ಷರ ಬೇಕಾದವರಿಗೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತಾರೆ. ಹಾಗೆ ನೋಡಿಕೊಂಡವರೂ ಬಹಳ ಮಂದಿ. ಕಣ್ಣಿರುವವರೆಗೆ ಈ ಒಂದು ಬೋರ್ಡು ಮಾಸಬಾರದು, ಅಷ್ಟೇ ಅವರ ಆಸೆ.

ಏಣಿಯಿಂದ ಇಳಿದು ಕುಂಚ ಒರೆಸುತ್ತಾರೆ. ತಮ್ಮನಿಗೆ ಬುತ್ತಿ ತಂದ ಪಕ್ಕೀರಮ್ಮ ದೂರದ ಕಟ್ಟೆಯ ಮೇಲೆ ಕುಳಿತು ಬೋರ್ಡನ್ನೇ ನೋಡುತ್ತಿದ್ದಾರೆ.

“ಅಷ್ಟು ದೂರದಿಂದನ ಗುರ್ತು ಹಿಡೀತಾಳ ನೋಡ್ರಿ” ಎನ್ನುತ್ತಾರೆ ಜಡೆಪ್ಪ. “ಆದ್ರ ಬಸ್ ಹತ್ತೂದಿಲ್ಲ. ಅಲ್ಲಿ ಯಾರ ಅದಾರ, ಹೋಗಾಕ?”