ಗುರಮ್ಮತ್ತೆಯ ಹಿಮ್ಮಡಿ, ನನ್ನ ಸಿಮೆಂಟು

ಮೊನ್ನೆ ಮಧ್ಯಾಹ್ನ ಚಿತ್ತಾಪುರದ ಮೇಲೆ ಮೋಡ ಕಟ್ಟಿ ನಾಲ್ಕು ದಪ್ಪ ಹನಿ ಬಿದ್ದದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆ ಅಡುಗೆಮನೆಗೆ ನಡೆದವು. ಕೈ ತಾನಾಗಿ ಹಿತ್ತಾಳೆಯ ಬೋಗಾಣಿಯನ್ನು ಇಳಿಸಿತು. ನಡುಮನೆಯ ಮೂರನೆಯ ತೊಲೆಯ ಕೆಳಗೆ ನೆಲದ ಫರಸಿಕಲ್ಲಿನ ಮೇಲೆ ಒಂದು ದುಂಡನೆಯ ಕಲೆಯಿದೆ. ಮಳೆಗಾಲಕ್ಕೊಮ್ಮೆ ಬಂದು ಕೂತು ಬೋಗಾಣಿಯೇ ಮಾಡಿಕೊಂಡ ಜಾಗ ಅದು. ಅದರ ಮೇಲೆ ಸರಿಯಾಗಿ ಇಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ನೀವೂ ಒಂದು ಕುರ್ಚಿ ಎಳೆದುಕೊಳ್ಳಿ. ಮಳೆ ನಿಲ್ಲುವವರೆಗೆ ಇಲ್ಲಿಂದ ಏಳುವ ಹಾಗಿಲ್ಲ, ಯಾಕೆಂದರೆ ಆ ಹೊತ್ತು ನನ್ನ ಮಾನವೆಲ್ಲ ಆ ಬೋಗಾಣಿಯೊಳಗಿತ್ತು. ಒಂದೇ ಒಂದು ಹನಿ ಅದರಲ್ಲಿ ಟಣ್ ಎಂದರೆ ಮಾಳಿಗೆ ಕೆಡವಿ ಕಾಂಕ್ರೀಟು ಹಾಕಿಸುತ್ತೇನೆಂದು ನನ್ನ ಹೆಂಡತಿ ಸರೋಜಾಳಿಗೆ ಮಾತು ಕೊಟ್ಟಿದ್ದೆ.

ನಮ್ಮದು ಈ ಕಡೆಯ ಹಳೆಯ ಮನೆಗಳಂಥದೇ ಮನೆ. ಕಲ್ಲಿನ ದಪ್ಪ ಗೋಡೆ, ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಶಹಾಬಾದಿನ ಅಗಲವಾದ ಫರಸಿ, ಫರಸಿಯ ಮೇಲೆ ಮೊಳದಷ್ಟು ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ. ಈ ಚಾವಣಿಗೇ ನಾವು ಮಾಳಿಗೆ ಎನ್ನುವುದು. ಸವಳು ಮಣ್ಣೆಂದರೆ ಏನೂ ಬೆಳೆಯದ, ಬಿಳಿಚಿಕೊಂಡ ಉಪ್ಪು ಮಣ್ಣು. ಹೊಲದಲ್ಲಿ ಅದನ್ನು ಕಂಡರೆ ರೈತ ಮುಖ ತಿರುಗಿಸುತ್ತಾನೆ. ಮಾಳಿಗೆಯ ಮೇಲೆ ಮಾತ್ರ ಅದಕ್ಕೆ ರಾಜಮರ್ಯಾದೆ, ಯಾಕೆಂದರೆ ನೀರು ಬಿದ್ದೊಡನೆ ಅದು ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ಕೆಳಗೆ ಹನಿ ಬಿಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಹೊಸದಾಗಿ ಹಾಕಿ ತುಳಿಯಬೇಕು. ಮನೆಯೂ ಮಕ್ಕಳ ಹಾಗೆ ವರ್ಷಕ್ಕೊಂದು ಅಂಗಿ ಕೇಳುತ್ತದೆ ಎಂದು ನಮ್ಮ ಗುರಮ್ಮತ್ತೆ ಹೇಳುತ್ತಿದ್ದಳು.

ಗುರಮ್ಮತ್ತೆ ನನ್ನ ತಂದೆಯ ಅಕ್ಕ. ಅವಳನ್ನು ಚಿಂಚೋಳಿಗೆ ಕೊಟ್ಟಿದ್ದರು. ಉಳಿದವರ ಮನೆಗೆ ಹೆಣ್ಣುಮಕ್ಕಳು ಪಂಚಮಿಗೆ ಬಂದರೆ ನಮ್ಮ ಮನೆಗೆ ಈಕೆ ಅದಕ್ಕೂ ಮೊದಲು, ರೋಹಿಣಿ ಮಳೆಯ ಹೊತ್ತಿಗೆ, ಒಂದು ಕೈಚೀಲ ಹಿಡಿದು ಬಸ್ಸಿನಿಂದ ಇಳಿಯುತ್ತಿದ್ದಳು. ನೀರು ಕುಡಿಯುವ ಮೊದಲು ಏಣಿ ಹತ್ತುತ್ತಿದ್ದಳು. ಸೀರೆಯ ಕಚ್ಚೆ ಬಿಗಿದು ಬರಿಗಾಲಲ್ಲಿ ಮಾಳಿಗೆಯ ಉದ್ದಗಲ ನಡೆದು, ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ಧಪ್ ಧಪ್ ಎಂದು ಬಡಿದು, ಸದ್ದು ಕೇಳುತ್ತಿದ್ದಳು. ಗಟ್ಟಿ ಸದ್ದಿಗೆ ತಲೆಯಾಡಿಸುತ್ತಿದ್ದಳು. ಟೊಳ್ಳು ಸದ್ದು ಬಂದಲ್ಲಿ ಒಂದು ಹರಳು ಇಡುತ್ತಿದ್ದಳು. ಆಮೇಲೆ ಮೂರು ದಿನ ಓಣಿಯ ಹೆಂಗಸರೆಲ್ಲ ಮಾಳಿಗೆಯ ಮೇಲೆ. ಮಣ್ಣು ಕಲಸಿ, ಹರಡಿ, ಸಾಲಾಗಿ ತುಳಿಯುತ್ತ, ಕೆಳಗೆ ಹೋಗಿ ಬರುವ ಗಂಡಸರನ್ನೆಲ್ಲ ಹೆಸರು ಹಿಡಿದು ಛೇಡಿಸುತ್ತ. ಕೊನೆಯ ಕೆಲಸವನ್ನು ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಗೋಡೆ ಮತ್ತು ಮಣ್ಣು ಕೂಡುವ ಅಂಚಿನುದ್ದಕ್ಕೂ ಹಿಮ್ಮಡಿಯನ್ನು ಒತ್ತಿ ಒತ್ತಿ, ಒಂದರ ಪಕ್ಕ ಒಂದು ಗುಳಿ ಮಾಡುತ್ತ, ಮನೆಯನ್ನೊಂದು ಸುತ್ತು ಬರುತ್ತಿದ್ದಳು. ಅದಕ್ಕೆ ಹಿಮ್ಮಡಿ ಸಾಲು ಎಂದು ಹೆಸರು. ಅದು ಯಾಕೆ ಬೇಕು ಎಂದು ನಾನು ಯಾವತ್ತೂ ಕೇಳಲಿಲ್ಲ. ಚಂದಕ್ಕೆ ಎಂದುಕೊಂಡಿದ್ದೆ.

ಒಮ್ಮೆ ನನ್ನ ತಾಯಿ, ಇಷ್ಟು ವಯಸ್ಸಿನಲ್ಲಿ ಈ ಉಸಾಬರಿ ನಿನಗ್ಯಾಕೆ, ಆಳು ಹಚ್ಚಿದರಾಯಿತು ಎಂದಳು. ಅತ್ತೆ ಕಾಲು ತೊಳೆಯುತ್ತಲೇ ಹೇಳಿದಳು, "ತವರಿನ ಮಾಳಿಗಿ ಸೋರಿದ್ರ ಗಂಡನ ಮನ್ಯಾಗ ನಂಗ ನಿದ್ದಿ ಹತ್ತೂದಿಲ್ಲ ನೋಡವ್ವ."

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ನಾನು ಈ ಭಾಗದ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಸಿಮೆಂಟಿನ ಗಟ್ಟಿಗಳನ್ನು ಯಂತ್ರದಲ್ಲಿಟ್ಟು ಒಡೆದು, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆಯುವುದು ನನ್ನ ಕಸುಬು. ವಾಡಿ, ಕೋಡ್ಲಾ, ಸೇಡಂ ಎಂದು ಯಾವ ದಿಕ್ಕಿಗೆ ತಿರುಗಿದರೂ ಚಿಮಣಿ ಕಾಣುವ ಸೀಮೆ ನಮ್ಮದು. ಇಲ್ಲಿ ದನದ ಗೋದಲಿ ಒಡೆದರೂ ಸಿಮೆಂಟು, ತುಳಸಿಕಟ್ಟೆ ಬಿರಿದರೂ ಸಿಮೆಂಟು. ನಮ್ಮ ನೆಲದಿಂದ ಎದ್ದು ದೇಶಕ್ಕೆಲ್ಲ ಹೋಗುವ ವಸ್ತುವಿನ ಮೇಲೆ ನಮಗೆ ಮಗನ ಮೇಲಿರುವಂಥ ಹೆಮ್ಮೆ. ಅಂಥ ಊರಿನಲ್ಲಿ, ಅಂಥ ಕಸುಬಿನ ನಾನು, ಮಣ್ಣಿನ ಮಾಳಿಗೆಯ ಕೆಳಗೆ ಮಲಗುವುದೆಂದರೇನು? ಒಂದು ವರ್ಷ ಅತ್ತೆ ಬಂದು, ತುಳಿದು, ಹಿಮ್ಮಡಿ ಸಾಲು ಮುಗಿಸಿ ಚಿಂಚೋಳಿಯ ಬಸ್ಸು ಹತ್ತಿದಳು. ಮೂರನೆಯ ದಿನ ನಾನು ಚೀಲ ಇಳಿಸಿದೆ. ತುಳಿದ ಮಣ್ಣು ಹೇಗೂ ಸಮತಟ್ಟಾಗಿದೆಯಲ್ಲ ಎಂದು ಅದರ ಮೇಲೆಯೇ ಎರಡು ಬೆರಳು ದಪ್ಪ ಸಿಮೆಂಟು ಎಳೆಸಿದೆ. ಅತ್ತೆಗೆ ಇನ್ನು ತ್ರಾಸು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವಳ ಕಣ್ಣರಳಿಸಬೇಕೆಂಬ ಆಸೆಯೇ ಹೆಚ್ಚಿತ್ತು.

ಆ ಸಲ ಪಂಚಮಿಗೆ ಅತ್ತೆ ಬಂದಳು. ಏಣಿ ಹತ್ತಿದಳು. ನಾನು ಬಹುಮಾನ ಕಾಯುವ ಹುಡುಗನ ಹಾಗೆ ಹಿಂದೆಯೇ ಹತ್ತಿದೆ. ಅವಳು ನಡುವೆ ಹೋಗಿ ನಿಂತು ಹಿಮ್ಮಡಿ ಬಡಿದಳು. ಸದ್ದು ಬರಲಿಲ್ಲ, ಕಾಲು ನೊಂದಿತು.

"ಮಾಳಿಗಿ ಬಾಯಿ ಮುಚ್ಚೀದಿ, ತಮ್ಮಾ. ಇನ್ನ ಅದು ಒಳಗೊಳಗ ಅಳ್ತದ," ಎಂದು ಇಳಿದುಬಿಟ್ಟಳು. ಸಿಟ್ಟು ಮಾಡಲಿಲ್ಲ. ಹೋಳಿಗೆ ಉಂಡಳು, ಜೋಕಾಲಿ ಜೀಕಿದಳು, ನನ್ನ ಕೆನ್ನೆ ಸವರಿ ಊರಿಗೆ ಹೋದಳು. ಆದರೆ ಅಲ್ಲಿಂದ ಮುಂದೆ ರೋಹಿಣಿಗೆ ಅವಳ ಕೈಚೀಲ ನಮ್ಮ ಬಾಗಿಲಿಗೆ ಬರಲಿಲ್ಲ. ತವರಿನಲ್ಲಿ ಅವಳಿಗಿದ್ದ ಒಂದೇ ಕೆಲಸವನ್ನು ನಾನು ಕಿತ್ತುಕೊಂಡಿದ್ದೆ ಎಂಬುದು ನನಗೆ ಹೊಳೆದದ್ದು ಅವಳು ತೀರಿಹೋದ ಮೇಲೆ.

ಮೊದಲ ಎರಡು ವರ್ಷ ಒಂದು ಹನಿಯೂ ಸೋರಲಿಲ್ಲ. ನಾನು ಓಣಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ, ಮೂರು ಮನೆಯವರಿಗೆ ಸಲಹೆಯನ್ನೂ ಕೊಟ್ಟೆ. ಮೂರನೆಯ ಬೇಸಿಗೆಗೆ ನಮ್ಮ ಬಿಸಿಲು ತನ್ನ ಕೆಲಸ ಮಾಡಿತು. ಸಿಮೆಂಟು ಕೂದಲೆಳೆಯಷ್ಟು ಬಿರಿಯಿತು. ಬಿರುಕಿನಲ್ಲಿ ಇಳಿದ ನೀರಿಗೆ ಆವಿಯಾಗಿ ಮೇಲೆ ಏಳಲು ದಾರಿಯಿಲ್ಲ. ಮಣ್ಣಿನಲ್ಲೇ ಸುತ್ತಾಡಿ ತನಗೆ ಬೇಕಾದಲ್ಲಿ ಇಳಿಯತೊಡಗಿತು. ನಾನು ಇನ್ನೊಂದು ಪದರ ಎಳೆಸಿದೆ. ಆಮೇಲೆ ಮತ್ತೊಂದು. ಬೋಗಾಣಿ ಬಂತು, ಡಬರಿ ಬಂತು, ಎರಡು ತಂಬಿಗೆ ಬಂದವು. ಮಳೆ ಬಂದರೆ ಯಾವ ಪಾತ್ರೆ ಎಲ್ಲಿಗೆ ಎಂದು ಮನೆಯವರಿಗೆಲ್ಲ ಬಾಯಿಪಾಠ. ಸಿಮೆಂಟಿನವನ ಮನೆ ಸೋರುತ್ತದೆ ಎಂಬುದು ಓಣಿಯ ಕಟ್ಟೆಗೆ ಬಹುಕಾಲ ಸಾಕಾಗುವಷ್ಟು ನಗೆಯಾಯಿತು.

ಹೋದ ಮಳೆಗಾಲದಲ್ಲಿ ಮೂರನೆಯ ತೊಲೆಯ ತುದಿಗೆ ಬೆರಳು ಒತ್ತಿದರೆ ಬೆರಳು ಒಳಗೆ ಹೋಯಿತು. ಸರೋಜಾ ಅವತ್ತೇ ತೀರ್ಮಾನ ಹೇಳಿದಳು. ಕೆಡವಿ, ಕಾಂಕ್ರೀಟು ಹಾಕಿ, ಮುಗಿಸಿ. ಪಾಪ, ಅವಳ ಮಾತಿನಲ್ಲಿ ತಪ್ಪೇನಿತ್ತು? ಅಷ್ಟು ವರ್ಷ ಬೋಗಾಣಿ ಚೆಲ್ಲಿದವಳು ಅವಳು. ನಾನೂ ಹೂಂ ಎಂದೆ. ಹಳೆಯ ಫರಸಿಯನ್ನು ಕೊಳ್ಳುವವರು ಬೇಕೆಂದು ಶಹಾಬಾದಿನಿಂದ ಮೌಲಾಸಾಬರನ್ನು ಕರೆಸಿದೆ. ಖಣಿಯಲ್ಲಿ ಕಲ್ಲು ಎಬ್ಬಿಸಿಯೇ ಗಡ್ಡ ಬೆಳ್ಳಗಾದ ಮನುಷ್ಯ. ಕೊಳ್ಳಲು ಬಂದವರು ಸ್ಟೂಲಿನ ಮೇಲೆ ನಿಂತು ಒಂದು ಚಿಕ್ಕ ಸುತ್ತಿಗೆಯಿಂದ ಪ್ರತಿಯೊಂದು ಫರಸಿಯನ್ನೂ ಕೆಳಗಿನಿಂದ ತಟ್ಟುತ್ತ ಹೋದರು. ಒಂದೊಂದೂ ಖಣ್ ಎಂದಿತು. ಅವರು ಇಳಿದು ಸುತ್ತಿಗೆ ಕೆಳಗಿಟ್ಟರು.

"ಕಲ್ಲು ಒಂದೂ ಸತ್ತಿಲ್ರಿ. ಸತ್ತದ್ದು ತೊಲಿ ಒಂದೇ. ಸತ್ತದ್ದು ತಗೀರಿ, ಜೀವ ಇದ್ದದ್ದು ಯಾಕ ತಗೀತೀರಿ? ಇಷ್ಟ್ ಅಗಲದ್ದು ನಮ್ಮ ಖಣಿದಾಗ ಈಗ ಸಿಗೂದಿಲ್ರಿ."

ಕೊಳ್ಳಲು ಬಂದವನೇ ಮಾರಬೇಡಿ ಎಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಸರೋಜಾ ಚಹದ ಕಪ್ಪು ಅವರ ಮುಂದಿಟ್ಟು, ನನ್ನ ಕಡೆ ತಿರುಗಿ ಒಂದೇ ಮಳೆಗಾಲದ ಗಡುವು ಕೊಟ್ಟಳು. "ನಡುಮನ್ಯಾಗ ಒಂದ್ ಹನಿ ಬಿದ್ರೂ ಮರುದಿನ ಕೆಡವೂದು. ಆಗ ನೀವು ಬಾಯಿ ತೆಗೀಬಾರ್ದು." ನಾನು ಒಪ್ಪಿದೆ.

ಕಾಳಗಿಯಲ್ಲಿ ಯಾರೋ ಹಳೆಯ ಮನೆ ಕೆಡವಿ ಕಾಂಕ್ರೀಟು ಹಾಕಿಸಿದ್ದರು. ಅವರು ಬೇಡವೆಂದ ಸಾಗವಾನಿ ತೊಲೆಯನ್ನು ಮೌಲಾಸಾಬರು ಹುಡುಕಿ ತಂದರು, ಸತ್ತ ತೊಲೆಯ ಜಾಗಕ್ಕೆ ಅದನ್ನು ಕೂಡಿಸುವ ಕೆಲಸವನ್ನೂ ತಾವೇ ಹಿಡಿದರು. ಈ ಬೇಸಿಗೆಯಲ್ಲಿ ನಾನು ಉಳಿ ಸುತ್ತಿಗೆ ಹಿಡಿದು ನನ್ನದೇ ಸಿಮೆಂಟನ್ನು ಒಡೆಯಲು ಕೂತೆ. ಹನ್ನೊಂದು ದಿನ ಹಿಡಿಯಿತು. ಜೀವಮಾನವೆಲ್ಲ ಸಿಮೆಂಟು ಒಡೆದು ಸಂಬಳ ತಿಂದವನಿಗೆ ಅಂಗೈ ತುಂಬ ಬೊಬ್ಬೆಗಳು ಎದ್ದವು. ಸಿಮೆಂಟು ಬಹಳ ಒಳ್ಳೆಯದಿತ್ತು, ಅದಕ್ಕೆ ನಾನೇ ಪ್ರಮಾಣಪತ್ರ ಕೊಡುತ್ತೇನೆ. ಇರಬಾರದ ಜಾಗದಲ್ಲಿ ಇತ್ತು, ಅಷ್ಟೇ.

ಹತ್ತನೆಯ ದಿನ ಗೋಡೆಯ ಅಂಚಿನ ಒಂದು ತುಂಡನ್ನು ಎಬ್ಬಿಸಿ ಮಗುಚಿದೆ. ಅದರ ಕೆಳಮೈಯಲ್ಲಿ ಉಬ್ಬುಗಳಿದ್ದವು. ಒಂದರ ಪಕ್ಕ ಒಂದು, ದುಂಡಗೆ, ಅಳತೆ ಹಿಡಿದ ಹಾಗೆ. ಮೊದಲು ಏನೆಂದು ತಿಳಿಯಲಿಲ್ಲ. ಮಣ್ಣು ಒರೆಸಿದಾಗ ಒಂದು ಉಬ್ಬಿನ ಮೇಲೆ ಅಡ್ಡಡ್ಡ ಗೆರೆಗಳು ಕಂಡವು. ಒಡೆದ ಹಿಮ್ಮಡಿಯ ಗೆರೆಗಳು. ಅತ್ತೆ ಒತ್ತಿಹೋದ ಹಸಿ ಗುಳಿಗಳಲ್ಲಿ ಮೂರನೆಯ ದಿನವೇ ನಾನು ಸುರಿದ ಸಿಮೆಂಟು ಇಳಿದು, ಅವಳ ಹಿಮ್ಮಡಿಯನ್ನು ಹಾಗೆಯೇ ಹಿಡಿದಿಟ್ಟುಕೊಂಡಿತ್ತು. ನಾನು ಬಿಸಿಲಲ್ಲಿ ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಕೆಳಗಿನಿಂದ ಮೌಲಾಸಾಬರು ಏನಾಯಿತೆಂದು ಕೇಳಿದರೆ ಕೈಬೀಸಿ ಮೇಲೆ ಕರೆದೆ.

ಅವರು ಮೇಲೆ ಬಂದು ಆ ತುಂಡನ್ನು ಗೋಡೆಗೆ ಹಿಡಿದು ನೋಡಿದರು. ಉಬ್ಬುಗಳೆಲ್ಲ ಗೋಡೆಯ ಕಡೆಗೆ ಮೇಲೇರಿ, ಮಾಳಿಗೆಯ ನಡುವಿನ ಕಡೆ ಇಳಿಜಾರಾಗಿದ್ದವು. ಹಿಮ್ಮಡಿಯಿಂದ ಒತ್ತಿದಾಗ ಮಣ್ಣು ಗೋಡೆಯ ಸಂದಿಗೆ ಹೋಗಿ ಬಿಗಿಯುತ್ತದೆ, ನೀರು ಗೋಡೆ ಬಿಟ್ಟು, ಅದನ್ನು ಓಣಿಗೆ ಸುರಿಯುವ ಕಲ್ಲಿನ ಪರನಾಳದ ಕಡೆ ತಿರುಗುತ್ತದೆ ಎಂದು ಅವರು ಬೆರಳಿನಿಂದ ತೋರಿಸಿದರು. ಚಂದಕ್ಕೆಂದು ನಾನು ತಿಳಿದಿದ್ದೇ ಮಾಳಿಗೆಯ ಇಡೀ ಗುಟ್ಟಾಗಿತ್ತು.

ಗುಟ್ಟೇನೋ ಸಿಕ್ಕಿತು, ತುಳಿಯುವವರು ಯಾರು? ಓಣಿಯಲ್ಲಿ ಆ ಕೆಲಸ ಬಲ್ಲವರು ಉಳಿದಿರಲಿಲ್ಲ. ನಾನು ಪ್ಯಾಂಟು ಮಡಚಿ ಸವಳು ಮಣ್ಣಿಗಿಳಿದು ನಾಲ್ಕು ಹೆಜ್ಜೆ ತುಳಿದೆ, ಐದನೆಯದಕ್ಕೆ ಜಾರಿ ಬಿದ್ದೆ. ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದ ಸರೋಜಾ ಸೀರೆ ಸಿಕ್ಕಿಸಿಕೊಂಡು ಬಂದಳು. ಅವಳ ತವರು ಸೇಡಂ ಕಡೆಯ ಮುಧೋಳ. ಅಲ್ಲಿಯೂ ಮಣ್ಣಿನ ಮಾಳಿಗೆಯೇ, ಅವಳೂ ತುಳಿದು ಬೆಳೆದವಳೇ. ಇಷ್ಟು ವರ್ಷ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎಡವಟ್ಟು ತುಳಿತ ತುಳಿದು ನೀವು ಸೋತರೆ ನಾನು ಗೆದ್ದ ಹಾಗಾಗುವುದಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. ಎರಡು ಮನೆಯ ಸೊಸೆಯಂದಿರನ್ನು ಕರೆದು, ಕೈ ಹಿಡಿದು ಕಲಿಸಿ, ಮೂರು ದಿನ ತುಳಿಸಿದಳು. ಕೊನೆಯ ದಿನ ಆ ಸಿಮೆಂಟಿನ ತುಂಡನ್ನು ಎದುರಿಗಿಟ್ಟುಕೊಂಡು, ಅದರ ಅಳತೆಗೆ ತನ್ನ ಹಿಮ್ಮಡಿ ಹೊಂದಿಸಿ, ಮನೆಯ ಸುತ್ತ ಸಾಲು ಒತ್ತಿದಳು.

ಇಗೋ, ಇಷ್ಟು ಹೇಳುವುದರಲ್ಲಿ ಮಳೆ ಜೋರಾಯಿತು. ಚಿಕ್ಕಪುಟ್ಟ ಮಳೆಗಳು ಬಂದು ಹೋಗಿದ್ದವು, ಲೆಕ್ಕಕ್ಕಿಲ್ಲ. ಇದು ನಿಜವಾದದ್ದು. ಎದುರುಮನೆಯ ತಗಡುಗಳು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿದ್ದವು. ನಮ್ಮ ಮಾಳಿಗೆಯಲ್ಲಿ ಮಾತ್ರ ಸದ್ದಿಲ್ಲ. ನಾನು ಬೋಗಾಣಿ ನೋಡುವುದು, ತೊಲೆ ನೋಡುವುದು. ಸರೋಜಾ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಂದೇ ಹಿಡಿ ಅಕ್ಕಿಯನ್ನು ಮೂರು ಸಲ ಆರಿಸಿದ್ದನ್ನು ನಾನು ನೋಡಿದೆ. ಆಗ ನನಗೆ ಗೊತ್ತಾಯಿತು, ಆ ಹನಿ ಬೀಳಬಾರದೆಂದು ಕಾಯುತ್ತಿದ್ದವನು ನಾನೊಬ್ಬನೇ ಅಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಪರನಾಳ ಶುರುವಾಯಿತು. ಕಲ್ಲಿನ ನಾಲಿಗೆಯಿಂದ ತೋಳು ದಪ್ಪದ ನೀರು ಓಣಿಗೆ ಧೋ ಎಂದು ಬಿತ್ತು. ಇಷ್ಟು ವರ್ಷ ಮನೆಯೊಳಗೆ ಇಳಿಯುತ್ತಿದ್ದ ನೀರೆಲ್ಲ ಅಲ್ಲಿತ್ತು. ಮಳೆ ನಿಂತಿತು. ನಾನು ಬಗ್ಗಿ ಬೋಗಾಣಿಯೊಳಗೆ ಕೈಯಾಡಿಸಿದೆ. ಬೆರಳಿಗೆ ಧೂಳು ಹತ್ತಿತು.

ಕುಣಿಯಬೇಕೆನ್ನಿಸಿತು. ಮೊಣಕಾಲು ಬೇಡವೆಂದಿತು. ಬೋಗಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಸರೋಜಾಳ ಮುಂದೆ ಮಗುಚಿ ಹಿಡಿದೆ, ಪಂದ್ಯ ಗೆದ್ದವರು ಬಟ್ಟಲು ಎತ್ತುತ್ತಾರಲ್ಲ, ಹಾಗೆ. ಅವಳು ಅದನ್ನು ಕಸಿದುಕೊಂಡು ಸೆರಗಿನಿಂದ ಒರೆಸಿದಳು. ಇವತ್ತು ಇದರಲ್ಲಿ ಹುಗ್ಗಿ ಎಂದಳು. ಮೌಲಾಸಾಬರಿಗೂ ಒಂದು ಡಬ್ಬಿ ಹೋಗಬೇಕೆಂದಳು. ಅಡುಗೆಮನೆಗೆ ಹೊರಟವಳು ದೇವರ ಗೂಡಿನ ಪಕ್ಕದಲ್ಲಿ ನಿಂತಳು. ಆ ಸಿಮೆಂಟಿನ ತುಂಡನ್ನು ನಾನು ಅಲ್ಲಿ ಇಟ್ಟಿದ್ದೆ. ಅದಕ್ಕೆ ಅವಳು ಯಾವಾಗಲೋ ವಿಭೂತಿ ಹಚ್ಚಿದ್ದಳು.

"ನಿಮ್ಮ ಸಿಮೆಂಟ್ ಒಂದ್ ಕೆಲಸ ಭಾಳ ಚಲೋ ಮಾಡ್ಯದ ನೋಡ್ರಿ," ಎಂದಳು. "ಅತ್ತಿ ಕಾಲು ಕಾಯ್ದಿಟ್ಟದ."

ಅವಳು ಒಳಗೆ ಹೋದ ಮೇಲೆ ನಾನು ಏಣಿ ಹಚ್ಚಿ ಮೇಲೆ ಹತ್ತಿದೆ. ಬಿಸಿಲು ಬಿದ್ದಿತ್ತು, ಹಸಿ ಸವಳು ಮಣ್ಣಿನ ವಾಸನೆ ಎದ್ದಿತ್ತು. ಚಪ್ಪಲಿ ಬಿಟ್ಟು ನಡುವೆ ನಿಂತು ಹಿಮ್ಮಡಿ ಬಡಿದೆ. ಧಪ್ ಎಂದಿತು. ಇನ್ನೊಮ್ಮೆ ಬಡಿದೆ, ಚಿಂಚೋಳಿಯವರೆಗೂ ಕೇಳಲಿ ಎಂದು.